ಕೆಂಚಿಯ ಉಪವಾಸ

"ಏನ ಮಾಡಾಕತ್ತೀ ಹುಲುಗಪ್ಪಾ?"

"ಕೆಂಚಿಗೆ ಜಳಕ ಮಾಡಸಾಕತ್ತೀನ್ರಿ, ಅಜ್ಜಾರ."

"ನಿನ್ನೆನೂ ಮಾಡಿಸಿದ್ದೆಲ್ಲ?"

"ದಿನಾ ಮಾಡಸ್ತೀನ್ರಿ. ಮಠದ ನಾಯಿ ಐತಲ್ರಿ."

ಮಠದ ಗುರುಗಳಾದ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ನೋಡಿದರು. ಕೊರೆಯುವ ನೀರಿನಲ್ಲಿ ನಿಂತು ಆ ಕೆಂಪು ಹೆಣ್ಣುನಾಯಿ ಗಡಗಡ ನಡುಗುತ್ತಿತ್ತು. ಹುಲುಗಪ್ಪನೂ ನಡುಗುತ್ತಿದ್ದ. ಆದರೆ ಅವನು ನಡುಗುವುದನ್ನು ಸಾಧನೆ ಎಂದುಕೊಂಡಿದ್ದ.

ಅಜ್ಜಾರು ಏನೂ ಹೇಳದೆ ಎದ್ದು ಹೋದರು. ಅವರದು ಮಾತು ಕಡಿಮೆ. ಮಾತು ಕಡಿಮೆಯಿದ್ದವರೆಲ್ಲ ಜ್ಞಾನಿಗಳು ಎಂದು ಜನ ಹೊಗಳುತ್ತಾರೆ. ಅದರಿಂದ ಪಕ್ಕದಲ್ಲಿರುವವರು ಪಡುವ ಪಾಡು ಯಾರಿಗೂ ಕಾಣುವುದಿಲ್ಲ.

ಹುಲುಗಪ್ಪ ಹುಟ್ಟಿದ್ದು ದೂರದ ಇನ್ನೊಂದು ಹೊಳೆಯ ದಂಡೆಯಲ್ಲಿ, ಮೀನು ಹಿಡಿಯುವವರ ಮನೆಯಲ್ಲಿ. ಒಡಹುಟ್ಟಿದ ತಮ್ಮ ನೀರುಪಾಲಾದ ಮೇಲೆ ಅವನಿಗೆ ಬಲೆ ಮುಟ್ಟಲು ಮನಸ್ಸಾಗಲಿಲ್ಲ. ಊರೂರು ಅಲೆದು ಒಂದು ಮಧ್ಯಾಹ್ನ ಈ ಮಠದ ಕಟ್ಟೆಗೆ ಬಂದು ಕೂತ. ಅಜ್ಜಾರು "ಉಣ್ಣು" ಎಂದರು. ಉಂಡ. ಅಲ್ಲೇ ಉಳಿದ.

ಎಲ್ಲಿಯವನು, ಯಾರ ಪೈಕಿ ಎಂದು ಅವರು ಕೇಳಲಿಲ್ಲ. ಇವನು ಹೇಳಲಿಲ್ಲ. ಹೇಳಿದರೆ ಎಲ್ಲಿ ಎದ್ದು ಹೋಗು ಎನ್ನುತ್ತಾರೋ ಎಂಬ ಅಳುಕು. ತಲೆಗೂದಲು ನರೆತರೂ ಆ ಅಳುಕು ಹೋಗಿರಲಿಲ್ಲ. ಕೈಯಲ್ಲಿ ಮೀನಿನ ವಾಸನೆ ಉಳಿದಿದೆಯೇನೋ ಎಂದು ಈಗಲೂ ಹುಣಸೆಹಣ್ಣು ಹಚ್ಚಿ ಕೈ ಉಜ್ಜಿಕೊಳ್ಳುತ್ತಿದ್ದ.

ಕೆಂಚಿ ಬಂದದ್ದು ಮಳೆಗಾಲದ ಕೊನೆಯಲ್ಲಿ, ಅಂಗೈಯಗಲದ ಮರಿಯಾಗಿ. ಹುಲುಗಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಸಾಕಿದ. ಪಕ್ಕದ ತೋಟದ ಮನೆಯವರು ಕೊಟ್ಟ ಕೋಳಿತತ್ತಿ ಬೇಯಿಸಿ ತಿನ್ನಿಸಿದ. ಅದೂ ಅವನ ಎದೆಯ ಮೇಲೆ ಹತ್ತಿ ಕುಣಿದು, ಬೆಳೆದು ದೊಡ್ಡದಾಯಿತು. ಅವನು ನಕ್ಕದ್ದನ್ನು ಮಠದವರು ಮೊದಲು ಕಂಡದ್ದು ಆಗಲೇ.

ಆಮೇಲೊಂದು ದಿನ ಪೇಟೆಯಿಂದ ಬಂದ ಭಕ್ತರೊಬ್ಬರು ಮೂಗು ಮುರಿದರು. "ಏನ್ರಿ ಅಜ್ಜಾರ, ಮಠದಾಗ ನಾಯಿ? ಮೈಲಿಗಿ ಅಲ್ಲೇನ್ರಿ?"

ಅಜ್ಜಾರು ಸುಮ್ಮನೆ ನಕ್ಕರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಹುಲುಗಪ್ಪ ಬಾಗಿಲ ಮರೆಯಿಂದ ಇದನ್ನೆಲ್ಲ ಕೇಳಿಸಿಕೊಂಡ. ಕೆಂಚಿಗೆ ಇನ್ನು ಇಲ್ಲಿ ಉಳಿಗಾಲವಿಲ್ಲ ಎಂದುಕೊಂಡ. ರಾತ್ರಿಯಿಡೀ ಹೊರಳಾಡಿ ಒಂದು ಉಪಾಯ ಕಂಡುಕೊಂಡ. ಮಠಕ್ಕೆ ನಾಯಿ ಬೇಡವಾದರೆ, ನಾಯಿಯನ್ನೇ ಮಠಕ್ಕೆ ತಕ್ಕಂತೆ ಮಾಡಿದರಾಯಿತು.

ಬೆಳಗಾದರೆ ಸೀಗೆಪುಡಿ ಹಾಕಿ ಜಳಕ. ಹಣೆಗೆ ವಿಭೂತಿ. ತತ್ತಿ ಬಂದ್. ಅದರ ಬದಲು ಪ್ರಸಾದದ ಬೆಲ್ಲದ ಹುಗ್ಗಿ, ಮಜ್ಜಿಗೆ ಅನ್ನ. ಸೋಮವಾರ ತನ್ನ ಜೊತೆ ಅದಕ್ಕೂ ಉಪವಾಸ. ಒಳಗೆ ಕಾಲಿಡಬಾರದೆಂದು ಕಂಬಕ್ಕೆ ಗಿಡ್ಡ ಹಗ್ಗ. ಬೊಗಳುವ ಚಟ ಬಿಡಲಿ ಎಂದು ಶಾಂತಿ ಎಂಬ ಹೊಸ ಹೆಸರು.

"ಶಾಂತೀ!" ಎಂದು ಕರೆದರೆ ಅದು ಹಿಂದೆ ತಿರುಗಿ, ಯಾರನ್ನು ಕರೆದರೋ ಎಂದು ನೋಡುತ್ತಿತ್ತು.

ನಾಲ್ಕಾರು ವಾರ ಕಳೆಯಿತು. ಹುಲುಗಪ್ಪ ಅಜ್ಜಾರ ಮುಂದೆ ಬಂದು ಕೈ ಮುಗಿದ. ಮುಖದಲ್ಲಿ ಹೆಮ್ಮೆ.

"ನೋಡ್ರಿ ಅಜ್ಜಾರ, ಈಗ ಬೊಗಳಂಗಿಲ್ಲ, ಜಿಗಿಯಂಗಿಲ್ಲ. ಎಷ್ಟು ಶಾಂತ ಆಗೈತಿ."

ಅಜ್ಜಾರು ನಾಯಿಯ ಪಕ್ಕ ಕೂತರು. ಬೆನ್ನ ಮೇಲೆ ಕೈಯಾಡಿಸಿದರು. ಕೂದಲು ಉದುರಿ ಅಂಗೈಗೆ ಅಂಟಿತು. ಪಕ್ಕೆಲುಬು ಬೆರಳಿಗೆ ಸಿಕ್ಕಿತು. ತುಟಿ ಸರಿಸಿ ಒಸಡು ನೋಡಿದರು. ಬಿಳಚಿಕೊಂಡಿತ್ತು.

"ಶಾಂತ ಅಲ್ಲೋ ಇದು. ಸುಸ್ತು."

"ಏನಂದ್ರಿ?"

"ಶಾಂತಿನೂ ಸುಮ್ಮನಿರತೈತಿ, ಸುಸ್ತೂ ಸುಮ್ಮನಿರತೈತಿ. ಸಾಕಿದವರಿಗೆ ಎರಡೂ ಬ್ಯಾರೆ ಅಂತ ಗೊತ್ತಿರಬೇಕು. ಉಪವಾಸ ಬಿಡಸು."

ಹುಲುಗಪ್ಪ ತಲೆಯಾಡಿಸಿದ. ಆದರೆ ಅಳುಕು ದೊಡ್ಡದು. ಆ ರಾತ್ರಿ ಇನ್ನೊಂದು ಸೌಟು ಹುಗ್ಗಿ ಹೆಚ್ಚು ಹಾಕಿದನೇ ಹೊರತು ಬೇರೇನನ್ನೂ ಬದಲಿಸಲಿಲ್ಲ.

ಮರುದಿನ ಬೆಳಿಗ್ಗೆ ಕೆಂಚಿ ಏಳಲಿಲ್ಲ.

ರಾತ್ರಿ ಉಂಡ ಹುಗ್ಗಿಯನ್ನೆಲ್ಲ ಕಾರಿಕೊಂಡಿತ್ತು. ಹುಲುಗಪ್ಪ ಕರೆದರೆ ಬಾಲದ ತುದಿಯಷ್ಟೇ ಅಲುಗಿತು. ಅವನು ಅದನ್ನು ಎತ್ತಿಕೊಂಡು ಓಡಿ ಬಂದ. ಎತ್ತಿಕೊಂಡಾಗಲೇ ಗೊತ್ತಾಯಿತು, ಎಷ್ಟು ಹಗುರಾಗಿದೆ ಎಂದು.

"ಅಜ್ಜಾರ, ಏನು ತಪ್ಪಾತ್ರಿ? ಯಾವ ನೇಮ ಕಡಿಮಿ ಬಿತ್ತು? ಹೇಳ್ರಿ, ಅದನ್ನೂ ಮಾಡ್ತೀನಿ."

ಅಜ್ಜಾರು ಎದ್ದರು. ತಾವು ಉಣ್ಣುವ ಮರದ ಬಟ್ಟಲು ತೆಗೆದುಕೊಂಡರು. ಹೊಳೆಯ ಕಡೆ ಹೊರಟರು. ಹುಲುಗಪ್ಪ ನಾಯಿಯನ್ನು ಅವುಚಿಕೊಂಡು ಹಿಂದೆ ನಡೆದ.

ದಂಡೆಗೆ ಆಗಷ್ಟೇ ಹರಿಗೋಲು ಹತ್ತಿತ್ತು. ಒಬ್ಬ ಹೆಂಗಸು ಬಲೆ ಬಿಡಿಸುತ್ತಿದ್ದಳು. ಹೊನ್ನೂರವ್ವ ಎಂದು ಅವಳ ಹೆಸರು. ಅಜ್ಜಾರು ಅವಳ ಮುಂದೆ ಬಟ್ಟಲು ಹಿಡಿದರು.

"ಒಂದೆರಡು ಮೀನು ನೀಡವ್ವಾ."

ಹೊನ್ನೂರವ್ವ ಬಲೆ ಬಿಟ್ಟು ಎದ್ದು ನಿಂತಳು. "ಅಜ್ಜಾರ! ಮಠಕ್ಕ ಮೀನಾ?"

"ಮನ್ಯಾಗ ಒಂದು ಹಸಿದ ಜೀವ ಐತಿ."

ಅವಳು ನಾಯಿಯನ್ನು ನೋಡಿದಳು. ಮೂರು ಕಲ್ಲು ಹೂಡಿ ಬೆಂಕಿ ಮಾಡಿ ಗಡಿಗೆ ಇಟ್ಟಳು. ರೂಢಿಯಂತೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳು.

"ಉಪ್ಪು ಬ್ಯಾಡ. ಖಾರ ಉಳ್ಳಾಗಡ್ಡಿ ಏನೂ ಬ್ಯಾಡ. ಬರೇ ನೀರಾಗ ಬೇಯಲಿ."

ಹುಲುಗಪ್ಪ ಮಾರು ದೂರದಲ್ಲಿ ನಿಂತಿದ್ದ. ಬೇಯುವ ಮೀನಿನ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ಅವ್ವನ ಒಲೆ ನೆನಪಾಯಿತು, ಒಲೆಯ ಮುಂದೆ ತಟ್ಟೆ ಬಡಿಯುವ ತಮ್ಮ ನೆನಪಾದ. ಅವನು ಮುಖ ತಿರುಗಿಸಿದ.

ಅಜ್ಜಾರು ಬೆಂದ ಮೀನನ್ನು ಬಟ್ಟಲಿಗೆ ಹಾಕಿಕೊಂಡು ಮರಳಿನ ಮೇಲೆ ಕೂತರು. ಮುಳ್ಳು ಬಿಡಿಸತೊಡಗಿದರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ. ಮಾಂಸವೆಲ್ಲ ಹಿಸುಕಿ ಮುದ್ದೆಯಾಯಿತು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂತು.

"ಇದರಾಗ ಒಂದು ಮುಳ್ಳು ಉಳದರೂ ಇದರ ಗಂಟಲಿಗೆ ಸಿಗತೈತಿ," ಎಂದರು. ಮತ್ತೆ ಬಗ್ಗಿ ಹುಡುಕತೊಡಗಿದರು. ಅವರ ಕಣ್ಣು ಮೊದಲೇ ಮಂದ.

ಹುಲುಗಪ್ಪನಿಗೆ ನೋಡಲಾಗಲಿಲ್ಲ. ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಬಟ್ಟಲು ಎಳೆದುಕೊಂಡ. ಹೆಬ್ಬೆರಳು ಬೆನ್ನುಮೂಳೆಯ ಗುಂಟ ಸರಿಯಿತು. ಇಡೀ ಮುಳ್ಳು ಬಾಚಣಿಗೆಯಂತೆ ಎದ್ದು ಬಂತು. ಸಣ್ಣವನ್ನು ಬೆರಳ ತುದಿಯಿಂದ ತಡವಿ ತಡವಿ ತೆಗೆದ. ಮರೆತೆನೆಂದುಕೊಂಡಿದ್ದ ಕೆಲಸವನ್ನು ಕೈ ಮರೆತಿರಲಿಲ್ಲ.

ಅವನ ಕಣ್ಣಿಂದ ನೀರು ಬಟ್ಟಲಿಗೆ ಬಿತ್ತು.

"ಉಪ್ಪು ಬ್ಯಾಡ ಅಂದೆನಲ್ಲ," ಎಂದರು ಅಜ್ಜಾರು.

ಅಳುತ್ತಿದ್ದವನಿಗೆ ನಗು ಬಂತು. ನಗು ಬಂದ ಮೇಲೆ ಅಳು ಇನ್ನೂ ಜೋರಾಯಿತು.

ಕೆಂಚಿ ಮೂಸಿತು. ನೆಕ್ಕಿತು. ಒಂದು ತುತ್ತು ತಿಂದಿತು.

"ಸಾಕು. ಉಳದದ್ದು ಒಂದೀಟು ಹೊತ್ತು ಬಿಟ್ಟು ಕೊಡು. ಬರೇ ಹೊಟ್ಟಿಗೆ ಒಮ್ಮೆಲೆ ಹಾಕಿದರ ಮತ್ತ ಕಾರತೈತಿ. ನೀರು ಕುಡಸು. ಆಮ್ಯಾಲ ಪೇಟಿಗೆ ಒಯ್ದು ದನದ ಡಾಕ್ಟರಿಗೆ ತೋರಸು."

"ಯಾವ್ದಾರ ಒಂದ ಮಂತ್ರ ಹೇಳ್ಲೇನ್ರಿ?"

"ಹೊಟ್ಟಿಹುಳದ ಔಷಧ ಕೇಳು."

ಹುಲುಗಪ್ಪ ನಾಯಿಯ ಹಣೆಯ ವಿಭೂತಿಯನ್ನು ಅಂಗೈಯಿಂದ ಒರೆಸಿದ. ತಲೆ ಎತ್ತದೆ ಹೇಳಿದ. "ಇದು ನಾಯಿ ಹಂಗ ಇದ್ರ ನೀವು ಕಳಸ್ತೀರಿ ಅಂತ ಹೆದರಿಕಿ ಇತ್ತರಿ."

"ಕಳಸ್ತೀನಿ ಅಂತ ನಾನು ಅಂದೆನ?"

"ಅನ್ನಲಿಲ್ರಿ." ಹುಲುಗಪ್ಪ ನಾಯಿಯ ಕಿವಿ ಸವರಿದ. "ಇರು ಅಂತಾನೂ ಅನ್ನಲಿಲ್ಲಲ್ರಿ. ಇದಕ್ಕೂ ಅನ್ನಲಿಲ್ಲ. ನನಗೂ ಅನ್ನಲಿಲ್ಲ. ನಾ ಯಾರ ಮನ್ಯಾಗ ಹುಟ್ಟಿದಾಂವ ಅಂತ ಈ ಕೈ ನೋಡಿ ಈಗ ನಿಮಗ ತಿಳಿದಿರಬೇಕು."

ಅಜ್ಜಾರು ಹುಲುಗಪ್ಪನ ಹತ್ತಿರಕ್ಕೆ ಸರಿದು ಕೂತರು. ಹೊನ್ನೂರವ್ವ ಬೆಂಕಿಗೆ ನೀರು ಚಿಮುಕಿಸಿ ತನ್ನ ಬಲೆಯ ಕಡೆ ಹೋದಳು.

"ಉಣ್ಣು ಅಂದ್ರ ಇರು ಅಂತನ ಅಂತ ತಿಳದಿದ್ದೆ," ಎಂದರು ಅಜ್ಜಾರು. "ಬಾಯಿ ಬಿಟ್ಟು ಹೇಳಬೇಕಿತ್ತು. ಅದು ನನ್ನ ತಪ್ಪು."

ಗುರುಗಳ ಬಾಯಲ್ಲಿ ಆ ಮಾತು ಕೇಳಿ ಹುಲುಗಪ್ಪ ತಲೆ ಎತ್ತಿದ. ಅವರ ಬೆರಳಿನಲ್ಲಿ ಇನ್ನೂ ಸಿಕ್ಕಿದ್ದ ಮುಳ್ಳು ಕಾಣಿಸಿತು. ಅದನ್ನು ಮೆಲ್ಲಗೆ ಎಳೆದು ತೆಗೆದ.

ಡಾಕ್ಟರು ಔಷಧ ಕೊಟ್ಟರು, ಸೂಜಿ ಹಾಕಿದರು, ಬೈದೂ ಕಳಿಸಿದರು. ಕೆಂಚಿ ನಿಧಾನವಾಗಿ ಎದ್ದು ಓಡಾಡತೊಡಗಿತು. ಹುಲುಗಪ್ಪನಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಅನುಮಾನ.

"ಅಜ್ಜಾರ, ಜಳಕ?"

"ಮೈ ಹೊಲಸಾದಾಗ. ಅದೂ ಬಿಸಿಲಿದ್ದಾಗ."

"ಪ್ರಸಾದದ ಹುಗ್ಗಿ?"

"ಅದು ನಿನಗ. ಇದಕ್ಕ ಸಪ್ಪನ ನುಚ್ಚು, ಬೆಂದ ತತ್ತಿ. ಸಿಕ್ಕರ ಮೀನು."

"ಸೋಮವಾರ?"

"ನಾನು ಮಾಡ್ತೀನಲ್ಲ ಉಪವಾಸ, ಸಾಲದೇನು?"

"ಹಗ್ಗ?"

"ನಿನ್ನ ಕೊಳ್ಳಾಗ ಕಟಗೊಂಡು ಒಂದು ಹಗಲು ಕುಂತು ನೋಡು."

ಹುಲುಗಪ್ಪ ಹಗ್ಗ ಬಿಚ್ಚಿದ. ದಿನಾ ಬೆಳಿಗ್ಗೆ ಇಬ್ಬರೂ ಹೊಳೆಯ ಮರಳಿನ ಮೇಲೆ ಓಡಾಡಿ ಬರುವುದು ರೂಢಿಯಾಯಿತು. ಕೆಂಚೀ ಎಂದು ಕರೆದರೆ ಅದು ಕಿವಿ ಹಿಂದಕ್ಕೆ ಮಾಡಿ ಹಾರಿ ಬರುತ್ತಿತ್ತು. ಉದುರಿದ ಕಡೆಯೆಲ್ಲ ಹೊಸ ಕೂದಲು ಬಂತು. ಆದರೂ ಅದರ ದನಿ ಮಾತ್ರ ಹೊರಡಲಿಲ್ಲ. ಯಾರಾದರೂ ಬಂದರೆ ಹುಲುಗಪ್ಪನ ಕಾಲ ಸಂದಿಯಲ್ಲಿ ನಿಂತು ನೋಡುತ್ತಿತ್ತು. ಹುಲುಗಪ್ಪನೂ ಯಾರಾದರೂ ಬಂದರೆ ಕಂಬದ ಮರೆಗೆ ಸರಿಯುತ್ತಿದ್ದ.

ಒಂದು ಸಂಜೆ ಮಠದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತಿದ್ದರು. ಬಾಗಿಲ ಆಚೆ ಏನೋ ಸರಿದಾಡಿತು. ಹೊಸ್ತಿಲ ಮೇಲೆ ಮಲಗಿದ್ದ ಕೆಂಚಿ ಎದ್ದು ನಿಂತಿತು. ಎದೆ ಸೆಟೆಸಿ, ಇಡೀ ಪಡಸಾಲೆ ಮೊಳಗುವ ಹಾಗೆ ಬೊಗಳಿತು.

ಎಲ್ಲರೂ ಬೆಚ್ಚಿ ಕಣ್ಣು ತೆರೆದರು. ಹುಲುಗಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಎರಡೂ ಕೈಯಿಂದ ಅದರ ಮೂತಿ ಮುಚ್ಚಿದ. ಅಜ್ಜಾರ ಕಡೆ ತಿರುಗಿದ.

ಅಜ್ಜಾರು ಮುಖದ ತುಂಬ ನಗುತ್ತಿದ್ದರು.

"ಕೈ ತೆಗಿಯೋ ಹುಲುಗಪ್ಪಾ, ಬೊಗಳಲಿ. ಇದು ತನ್ನ ಮನಿ ಅಂತ ಖಾತ್ರಿ ಆದ ಮ್ಯಾಲ ನಾಯಿ ಬೊಗಳತೈತಿ. ನೀ ಯಾವಾಗ ಬೊಗಳ್ತೀಯಪ್ಪಾ?"