ಕ್ಲಿಪ್ಪಿನ ದಾಕ್ಷಿಣ್ಯ

ರೇಸ್ ಕಾರೊಂದಕ್ಕೆ ಪೆಟ್ರೋಲ್ ದೂಡುವ ಹೊಸ ದೊಡ್ಡ ಪಂಪು ಬಂತು, ಉಕ್ಕಿನ ಪೈಪುಗಳೂ ಬಂದವು. ಎಂಜಿನ್ ಪಕ್ಕದ ಗೇಣುದ್ದದ ರಬ್ಬರ್ ಪೈಪು ಮಾತ್ರ ಹಳೆಯದೇ ಉಳಿಯಿತು. ಅದರ ತುದಿಯನ್ನು ಸುತ್ತಿ ಹಿಡಿದಿದ್ದ ಲೋಹದ ಕ್ಲಿಪ್ಪು ಹೇಳಿತು:

"ಪೈಪಣ್ಣ, ನಿನ್ನ ಮೈ ಬಿರಿದಿದೆ. ಹೊಸ ಪಂಪಿನ ರಭಸ ನೀನು ತಾಳಲಾರೆ. ನಾನು ಕೊಂಚ ಸಡಿಲ ಬಿಡುತ್ತೇನೆ. ಒಂದು ತೊಟ್ಟು ಸೋರಲಿ, ಮೆಕ್ಯಾನಿಕ್ ನೋಡಲಿ."

"ಸೋರಿದರೆ ನಾನು ಗುಜರಿಗೆ! ಇಷ್ಟು ವರ್ಷದ ಗೆಳೆಯ ನೀನು. ಇನ್ನೂ ಬಿಗಿಯಾಗಿ ಹಿಡಿದುಕೋ."

ಬಿಗಿದಷ್ಟೂ ಬಿರುಕು ಹಿಗ್ಗುತ್ತದೆಂದು ಕ್ಲಿಪ್ಪಿಗೆ ಗೊತ್ತಿತ್ತು. ಆದರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು, ಹಲ್ಲು ಕಚ್ಚಿ ಹಿಡಿಯಿತು. ಮೆಕ್ಯಾನಿಕ್ ಬಗ್ಗಿ ನೋಡಿದ, ತೊಟ್ಟೂ ಸೋರಿರಲಿಲ್ಲ. ಸರಿಯಿದೆ ಎಂದು ಬಾನೆಟ್ ಮುಚ್ಚಿದ.

ಮೊದಲ ತಿರುವಿನಲ್ಲೇ ಪೈಪು ಸೀಳಿಹೋಗಿ, ಪೆಟ್ರೋಲ್ ಚಿಮ್ಮಿ ಕಾರಿಗೆ ಬೆಂಕಿ ಹತ್ತಿತು. ಓಡಿಸುತ್ತಿದ್ದವನು ಹೇಗೋ ಹಾರಿ ಜೀವ ಉಳಿಸಿಕೊಂಡ.

ಬೆಂಕಿ ಆರಿದ ಮೇಲೆ ನೋಡಿದರೆ ಕ್ಲಿಪ್ಪು ಇನ್ನೂ ಬಿಗಿಯಾಗಿಯೇ ಹಿಡಿದಿತ್ತು. ಹಿಡಿತದೊಳಗೆ ಪೈಪು ಇರಲಿಲ್ಲ.