ಪರದೇಶದಲ್ಲಿ ಬೈಕು ಮಾರಿದ ಕಾಶವ್ವ

“ಈಕೆ ಜಿಲ್ಲೆಯ ಗಡಿ ದಾಟಿದರೆ ನನ್ನ ಮೀಸೆ ಬೋಳಿಸ್ತೀನಿ” ಎಂದು ಮಂದಿಯೆದುರು ನಕ್ಕಿದ್ದವನು ಕಾಶವ್ವನ ಭಾವ. ಕಾಶವ್ವ ತನ್ನ ಹಳೆಯ ಬೈಕಿನ ಮೇಲೆ ದೇಶದೇಶಗಳನ್ನೇ ದಾಟಿ, ನೆಲ ಮುಗಿದು ಸಮುದ್ರ ಎದುರಾಗುವ ಊರಿಗೆ ಬಂದಳು. ಅಲ್ಲಿಂದ ಹೊರಡುವ ಹಡಗು ಜನರನ್ನಷ್ಟೇ ಹತ್ತಿಸಿಕೊಳ್ಳುತ್ತಿತ್ತು. ಮುಂದೆ ಹೋಗಬೇಕೆಂದರೆ ಬೈಕನ್ನು ಮಾರಲೇಬೇಕು. ಆ ಊರಿನ ಮೀನುಗಾರನೊಬ್ಬ ಅದನ್ನು ಕೊಂಡುಕೊಂಡು, ಕೀಲಿಕೈಗಾಗಿ ಅಂಗೈ ಚಾಚಿದ. ಕಾಶವ್ವ ಮುಷ್ಟಿ ಬಿಚ್ಚಲಿಲ್ಲ.

“ಕೊಡವ್ವಾ” ಎಂದಿತು ಬೈಕು.

“ನಮ್ಮೂರಲ್ಲಿ ಎಮ್ಮೆ ಮಾರಿದರೂ ಹಗ್ಗ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ. ಹೊಸ ಹಗ್ಗ ಕೊಂಡವನೇ ತರಬೇಕು.”

“ಹಗ್ಗ ಬಿಚ್ಚಿದರೆ ಎಮ್ಮೆ ನಡೆಯುತ್ತದೆ. ಕೀಲಿಕೈ ಇಲ್ಲದಿದ್ದರೆ ನಾನು ನಿಂತಲ್ಲೇ ತುಕ್ಕು ಹಿಡಿಯುತ್ತೇನೆ. ನೀನು ಸಮುದ್ರ ದಾಟು, ನಾನು ಗೂಟಕ್ಕೆ ಕಟ್ಟಿಸಿಕೊಂಡಿರಲೇನು?”

ಕಾಶವ್ವ ಬೈಕಿನ ಸೀಟು ಸವರಿದಳು. “ಹಾಗಾದರೆ ಅವನು ಕಿಕ್ ಒದ್ದಾಗ ಒಂದಿಷ್ಟಾದರೂ ಮೊಂಡು ಹಿಡಿ. ಬೇರೆಯವರ ಕಾಲಿಗೆ ನೀನು ಯಾವತ್ತೂ ಎದ್ದಿಲ್ಲ.”

“ಮೊಂಡುತನ ನಿನ್ನಿಂದ ಕಲಿತದ್ದು ತಾಯಿ. ಅದು ನಿನ್ನ ಹತ್ತಿರವೇ ಇರಲಿ, ಮುಂದಿನ ದಾರಿಗೆ ಬೇಕಾಗುತ್ತದೆ.”

ಕಾಶವ್ವ ಮುಷ್ಟಿ ಬಿಚ್ಚಿದಳು. ಮೀನುಗಾರ ಹತ್ತಿ ಕೂತು ಒದ್ದ. ಮೊದಲ ಒದೆತಕ್ಕೇ ಬೈಕು ಎದ್ದು ಗುಡುಗಿ, ಬಂದರಿನ ರಸ್ತೆ ಹಿಡಿದು ಹೋಯಿತು. ಸದ್ದು ಅಡಗುವವರೆಗೂ ಅವಳು ಕಿವಿಗೊಟ್ಟು ನಿಂತಿದ್ದಳು.

ಈಗ ಕಾಶವ್ವನ ಸ್ವಂತದ್ದೆಂದರೆ ಹಡಗಿನಲ್ಲಿ ಒಂದು ಸೀಟು, ಮತ್ತು ಅದರಾಚೆಯ ದಾರಿಯೆಲ್ಲ. ಅದಕ್ಕೆ ಅವಳು ತೆತ್ತದ್ದು, ಇನ್ನು ಮೇಲೆ ಬೇರೊಬ್ಬನ ಕಾಲಿಗೆ ಏಳುವ ಆ ಸದ್ದು.