ಬೇರೆ ಮಗುವಿನ ಹತ್ತಿ

ಶಿಷ್ಯೆಯೊಬ್ಬಳು ಗುರುತಾಯಿಯ ಮುಂದೆ ಕುಳಿತು ಕೇಳಿದಳು:

“ತಾಯಿ, ನಾನು ಕೈಯಾರೆ ದುಡಿದು ಪಡೆದ ವಸ್ತುವೊಂದನ್ನು ಒಬ್ಬರು ಕೇಳಲು ಬಂದರು. ಕೊಡುವುದಿಲ್ಲ ಎಂದೆ. ಅವರಿಗೆ ಅದರ ಮೇಲೆ ಹಕ್ಕಿರಲಿಲ್ಲ. ಊರಿನವರೂ ಹಾಗೆಯೇ ಹೇಳಿದರು. ಆದರೂ ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ನ್ಯಾಯ ನನ್ನ ಕಡೆಗಿರುವಾಗ ಹೀಗೇಕೆ?”

ಗುರುತಾಯಿ ಒಂದು ಕಥೆ ಹೇಳತೊಡಗಿದರು.

ತೆಂಗಿನ ನಾರು ಹೊಸೆದು ಹಗ್ಗ ಮಾಡುವ ಹೆಂಗಸೊಬ್ಬಳಿದ್ದಳು. ಗಂಡ ಸತ್ತಿದ್ದ. ಒಂದು ಹೆಣ್ಣುಮಗುವಿತ್ತು. ಆಕೆ ಯಾರ ಮನೆಯ ಮುಂದೂ ಮಜ್ಜಿಗೆಗೆ ಪಾತ್ರೆ ಹಿಡಿದವಳಲ್ಲ. ಆ ಹೆಮ್ಮೆಯೊಂದೇ ಅವಳ ಒಡವೆ.

ಮಗು ಸೀರೆಯ ಜೋಲಿಯಲ್ಲಿ ಮಲಗುತ್ತಿತ್ತು. ಬೆಳೆದಂತೆ ಕಾಲುಗಳು ಜೋಲಿಯಿಂದ ಹೊರಗೆ ಬಂದವು. ಕೆಳಗೆ ಮಲಗಿಸೋಣವೆಂದರೆ ಮನೆಗೆ ಹಾಸಿದ್ದು ಬರಿ ಕಲ್ಲು. ಚಳಿಗಾಲ ಹತ್ತಿರವಾಗಿತ್ತು. ಮಗುವಿನ ಎದೆಯಲ್ಲಿ ಆಗಲೇ ಕೆಮ್ಮು ಕೂತಿತ್ತು. ಹೆಂಗಸು ಹಗ್ಗದ ಸುರುಳಿಗಳನ್ನು ತಲೆಯ ಮೇಲೆ ಹೊತ್ತು, ಹತ್ತಿ ಬಡಿದು ಹಾಸಿಗೆ ಮಾಡುವ ಪಿಂಜಾರನ ಬಳಿಗೆ ಹೋದಳು. ಹಗ್ಗ ಕೊಟ್ಟು ಹಾಸಿಗೆ ತರಬೇಕೆಂಬುದು ಅವಳ ಎಣಿಕೆ.

ಬೂರುಗದ ಹತ್ತಿಯ ಹಾಸಿಗೆಯೊಂದಿತ್ತು. ಅದಕ್ಕೆ ಮೊಣಕೈ ಊರಿ ನೋಡಿದಳು. ಪಿಂಜಾರ ನಕ್ಕ.

“ಹಾಸಿಗೆಯಲ್ಲಿ ಮಲಗುವುದು ನಿನ್ನ ಮೊಣಕೈಯೋ, ಮಗುವೋ? ಅಷ್ಟು ಮೆತ್ತಗಿನದು ಎಳೆಯದಕ್ಕೆ ಬೇಡ ತಂಗಿ. ಬೋರಲು ಬಿದ್ದರೆ ಮೂಗು ಹುದುಗೀತು. ಅದೂ ಅಲ್ಲದೆ, ನೀನು ಇಡೀ ವರ್ಷ ಹೊಸೆದರೂ ಅದರ ಬೆಲೆ ಮುಟ್ಟುವುದಿಲ್ಲ.”

ನಾರು ತುಂಬಿದ್ದನ್ನು ತೋರಿಸಿದ. ನಾರು ಏನೆಂದು ಅವಳ ಅಂಗೈಗಳಿಗೆ ಗೊತ್ತಿತ್ತು. ಅದರ ಮೇಲೆ ಮಗುವನ್ನು ಮಲಗಿಸಲು ಒಪ್ಪಲಿಲ್ಲ. ಚಿಂದಿ ತುಂಬಿದ್ದು ಗಂಟುಗಂಟಾಗಿತ್ತು. ಕೊನೆಗೆ ಮೂಲೆಯಲ್ಲಿದ್ದ ಪುಟ್ಟ ಹಾಸಿಗೆಯೊಂದನ್ನು ಅವಳೇ ಎಳೆದಳು. ಹತ್ತಿ ಒಳ್ಳೆಯದು, ಹೊಲಿಗೆ ಬಿಗಿ, ಅಳತೆಯೂ ಸರಿ. ಅವಳು ತಂದ ಹಗ್ಗ ಸಾಕು ಎಂದ ಪಿಂಜಾರ.

“ಇಷ್ಟು ಅಗ್ಗವೇಕೆ ಅಣ್ಣಾ? ನನ್ನ ಮೇಲೆ ಕನಿಕರವೋ?”

“ಕನಿಕರವಲ್ಲ. ಕೇಳಿದೆ, ಹೇಳುತ್ತೇನೆ. ವರ್ತಕರ ಮನೆಯ ಮಗು ಹೋಯಿತಲ್ಲ, ಅದರ ಹಾಸಿಗೆಯ ಹತ್ತಿ ಇದು. ಸತ್ತವರ ಹಾಸಿಗೆಯನ್ನು ಮನೆಯಲ್ಲಿಡಬಾರದೆಂದು ಹಿರಿಯರು ಹೊರಗೆ ಹಾಕಿಸಿದರು. ನಾನು ಬಿಚ್ಚಿ, ಬಿಸಿಲಿಗೆ ಹಾಕಿ, ಬಡಿದು, ಹೊಸ ಬಟ್ಟೆಯಲ್ಲಿ ತುಂಬಿದ್ದೇನೆ. ಬೇಡವೆಂದರೆ ಬಿಡು.”

ಅವಳು ಯೋಚಿಸಿದಳು. “ಹತ್ತಿಗೆ ಹುಟ್ಟೂ ಇಲ್ಲ, ಸಾವೂ ಇಲ್ಲ” ಎಂದಳು. ಹಗ್ಗ ಇಳಿಸಿ ಹಾಸಿಗೆ ಹೊತ್ತು ಬಂದಳು.

ಅಂದು ಮಗು ಕೈಕಾಲು ಚಾಚಿ ಮಲಗಿತು. ಕೆಲವೇ ದಿನಗಳಲ್ಲಿ ಕೆಮ್ಮು ಇಳಿಯಿತು.

ಒಂದು ಮಧ್ಯಾಹ್ನ ವರ್ತಕನ ಹೆಂಡತಿ ಪಿಂಜಾರನಲ್ಲಿ ವಿಚಾರಿಸಿಕೊಂಡು ಬಂದಳು. ಮೈಮೇಲೆ ಒಡವೆ ಇರಲಿಲ್ಲ. ಹೆಗಲ ಮೇಲೆ ಹೊಸ ಹಾಸಿಗೆಯೊಂದನ್ನು ತಾನೇ ಹೊತ್ತಿದ್ದಳು. ಹೊಸ್ತಿಲ ಹೊರಗೆ ನಿಂತಳು.

“ತಾಯೀ, ಇದನ್ನು ಇಟ್ಟುಕೋ. ಅದನ್ನು ನನಗೆ ಕೊಡು.”

ಹೆಂಗಸಿಗೆ ಮೈಯೆಲ್ಲ ಉರಿಯಿತು. ಅವಳಿಗೆ ಕಂಡದ್ದು ಹೊಸ ಹಾಸಿಗೆ ಮಾತ್ರ.

“ನೀವು ಎಸೆದಿರಿ. ನಾನು ಕೊಂಡೆ. ಈಗ ದಾನ ಮಾಡಲು ಬಂದಿರಾ? ನನ್ನ ಮಗಳು ದಾನದ ಹಾಸಿಗೆಯಲ್ಲಿ ಮಲಗುವುದಿಲ್ಲ.”

“ನಾನು ಎಸೆಯಲಿಲ್ಲ. ನಾನು ಎಚ್ಚರವಿಲ್ಲದೆ ಬಿದ್ದಿದ್ದಾಗ ಎತ್ತಿಸಿದರು.”

“ಪಿಂಜಾರ ಅದನ್ನು ಬಡಿದಿದ್ದಾನೆ. ಬಿಸಿಲಿಗೆ ಹಾಕಿದ್ದಾನೆ. ನಿಮ್ಮ ಮಗುವಿನದು ಅದರಲ್ಲಿ ಏನೂ ಉಳಿದಿಲ್ಲ.”

“ಗೊತ್ತು” ಎಂದಳು ವರ್ತಕನ ಹೆಂಡತಿ. “ಆದರೂ ಕೊಡು. ಕೊಡದಿದ್ದರೆ ಬೇಡ, ಒಳಗೆ ಬಂದು ಒಂದು ಗಳಿಗೆ ತಲೆಯಿಟ್ಟು ಹೋಗುತ್ತೇನೆ.”

ಮಗು ಆಗ ಅದರ ಮೇಲೆ ಮಲಗಿತ್ತು. ಮಗುವನ್ನು ಕಳೆದುಕೊಂಡವಳ ಕಣ್ಣು ತನ್ನ ಮಗುವಿನ ಮೇಲೆ ಬಿದ್ದೀತೆಂದು ಹೆಂಗಸು ಬೆದರಿದಳು. ಬಾಗಿಲು ಹಾಕಿ ಅಗಣಿ ಸರಿಸಿದಳು. ಹೊರಗಿನವಳು ಬಾಗಿಲು ತಟ್ಟಲಿಲ್ಲ, ಅಳಲೂ ಇಲ್ಲ. ಸಂಜೆಯವರೆಗೆ ಕಟ್ಟೆಯ ಮೇಲೆ ಕುಳಿತಿದ್ದು, ತಂದ ಹಾಸಿಗೆಯನ್ನು ಮತ್ತೆ ಹೊತ್ತುಕೊಂಡು ಹೋದಳು.

“ಸರಿಯಾಗಿ ಮಾಡಿದೆ” ಎಂದರು ನೆರೆಯವರು. “ಇದ್ದವರಿಗೆ ಎಸೆದದ್ದೂ ಬೇಕು!”

ಅಂದು ಮಗುವನ್ನು ಮಲಗಿಸಲು ಬಾಗಿದಾಗ ಹೆಂಗಸು ಹಾಸಿಗೆಗೆ ಮೂಗು ಹಚ್ಚಿದಳು. ಹರಳೆಣ್ಣೆ, ಹಾಲು, ಒದ್ದೆ ಲಂಗ. ಅವಳ ಮಗಳದೇ ವಾಸನೆ. ಹೊರಗೆ ಕುಳಿತಿದ್ದವಳು ಏನು ಕೇಳಲು ಬಂದಿದ್ದಳೆಂದು ಆಗ ಅವಳಿಗೆ ತಿಳಿಯಿತು. ಮಗುವನ್ನು ಆ ಹಾಸಿಗೆಯ ಮೇಲೆ ಮಲಗಿಸಲು ಅವಳಿಂದಾಗಲಿಲ್ಲ. ಸುತ್ತಿ ಗೋಡೆಗೆ ಒರಗಿಸಿದಳು. ಮಗು ಕಲ್ಲಿನ ಮೇಲೆ ಮಲಗಿತು.

ಬೆಳಿಗ್ಗೆ ಎದ್ದು ಕೊಟ್ಟು ಬರಬೇಕೆಂದುಕೊಂಡಳು. ಬೆಳಿಗ್ಗೆ, ಇಲ್ಲವೆಂದು ಹೇಳಿದ ಬಾಯಿಯನ್ನು ಹೊತ್ತು ಆ ಬಾಗಿಲಿಗೆ ಹೋಗಲು ಕಾಲು ಏಳಲಿಲ್ಲ. ಅವಳೇ ಇನ್ನೊಮ್ಮೆ ಬರಲಿ, ಆಗ ಕೊಡುತ್ತೇನೆ ಎಂದುಕೊಂಡಳು. ಅವಳು ಬರಲಿಲ್ಲ. ಚಳಿ ಬಂತು. ಮಗುವಿನ ಕೆಮ್ಮು ಮರಳಿತು.

ಕಡೆಗೊಂದು ದಿನ ಹೆಂಗಸು ಹಾಸಿಗೆ ಹೊತ್ತು ವರ್ತಕನ ಮನೆಗೆ ಹೋದಳು. ಬಾಗಿಲಿಗೆ ಬೀಗವಿತ್ತು. ಹೆಂಡತಿ ಅನ್ನನೀರು ಬಿಟ್ಟು ತೀರಿಕೊಂಡಳೆಂದೂ, ವರ್ತಕ ಊರು ಬಿಟ್ಟನೆಂದೂ ಪಕ್ಕದ ಮನೆಯವರು ಹೇಳಿದರು.

ಅಲ್ಲಿಂದ ಪಿಂಜಾರನ ಬಳಿಗೆ ಹೋದಳು.

“ಅಣ್ಣಾ, ಇದನ್ನು ಬಿಚ್ಚಿ ಬೇರೆ ಮಾಡಿಕೊಡು. ಇದರ ಮೇಲೆ ಮಗುವನ್ನು ಮಲಗಿಸಲಾರೆ.”

ಪಿಂಜಾರ ಹಾಸಿಗೆಯನ್ನು ಮುಟ್ಟಲಿಲ್ಲ.

“ಸತ್ತವರದನ್ನು ಬಿಚ್ಚುತ್ತೇನೆ ತಂಗಿ, ಅದು ನನ್ನ ಕಸುಬು. ಇದರ ಮೇಲೆ ಮಲಗಿದ ಮಗು ಬದುಕಿದೆಯಲ್ಲ. ಬದುಕಿರುವ ಮಗುವಿನ ಹಾಸಿಗೆಗೆ ನಮ್ಮಲ್ಲಿ ಯಾರೂ ಕತ್ತರಿ ಹಾಕುವುದಿಲ್ಲ. ಬೇರೆಯದು ಒಯ್ಯಿ, ಹಗ್ಗ ಆಮೇಲೆ ತಂದುಕೊಡು.”

ಆಮೇಲೆ ಎಂಬ ಮಾತಿಗೆ ಅವಳು ಎಂದೂ ಒಪ್ಪಿದವಳಲ್ಲ. ಅಂದೂ ಒಪ್ಪಲಿಲ್ಲ. ಹಾಸಿಗೆಯನ್ನು ಹೊತ್ತು ಮನೆಗೆ ಬಂದು, ಮತ್ತೆ ಗೋಡೆಗೆ ಒರಗಿಸಿದಳು. ಮಗುವನ್ನು ಎದೆಗವಚಿಕೊಂಡು ಕಲ್ಲಿನ ಮೇಲೆ ಮಲಗಿದಳು. ಮಗು ಕೆಮ್ಮುತ್ತಿತ್ತು.

ಗುರುತಾಯಿ ಅಲ್ಲಿಗೆ ನಿಲ್ಲಿಸಿದರು.

 ಶಿಷ್ಯೆ ಮೆಲ್ಲಗೆ ಕೇಳಿದಳು: “ತಾಯಿ, ಕೊನೆಗೆ ಆ ಹಾಸಿಗೆ ಯಾರದಾಯಿತು?”

“ಅವಳದೇ ಆಯಿತು ಮಗಳೇ, ಇನ್ನು ಕೇಳಲು ಯಾರೂ ಬರುವುದಿಲ್ಲ.”